ಇಂಜಿನಿಯರ್ ಕಾಲಮ್ಮಿನಲ್ಲಿ ಒಂದು ಹೆಸರು

ನನಗೆ ಕೋಪ ಬೇಗ ಬರುತ್ತದೆ, ತಪ್ಪು ಒಪ್ಪಿಕೊಳ್ಳುವ ಬುದ್ಧಿ ತಡವಾಗಿ ಬರುತ್ತದೆ. ಇದನ್ನು ನನ್ನ ಹೆಂಡತಿ ಚೂಡಾಮಣಿ ಮದುವೆಯಾದ ಮೂರನೇ ತಿಂಗಳಿಗೇ ಕಂಡುಹಿಡಿದಳು. ನನಗೆ ಗೊತ್ತಾಗಲು ಐವತ್ತಾರು ವರ್ಷ ಬೇಕಾಯಿತು. ಗೊತ್ತು ಮಾಡಿಸಿದವಳು ಬೂವನಹಳ್ಳಿಯ ಗಂಗಯ್ಯನ ಮಗಳು ಶೋಭಿತಾ. ಅವಳ ಕಥೆ ಹೇಳಲು ಹೊರಟರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ, ರಿಟೈರಾದವನು ಅದನ್ನು ಇಟ್ಟುಕೊಂಡು ಮಾಡಬೇಕಾದ್ದಾದರೂ ಏನು?

ನಾನು ತಿರುನಾರಾಯಣ, ಹೊಳೆನರಸೀಪುರದವನು. ತಾತ ದೇವಸ್ಥಾನದಲ್ಲಿ ಪಾರಾಯಣ ಮಾಡುವವರು, ತಂದೆ ಮೇಷ್ಟರು, ನಾನು ಹಾಸನದಲ್ಲಿ ಆಲೂಗಡ್ಡೆ ಬೆಳೆಗಾರರ ಸಹಕಾರ ಸಂಘವೊಂದರ ಹೆಡ್ ಕ್ಲಾರ್ಕು. ಮುಖ್ಯ ಕಚೇರಿ ಹಾಸನದಲ್ಲಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಒಂದೊಂದು ಶಾಖೆ. ಪ್ರತಿ ಮೇ ತಿಂಗಳು ಪಂಜಾಬಿನಿಂದ ಬಿತ್ತನೆ ಗಡ್ಡೆಯ ಲಾರಿಗಳು ಬರುವ ಮೊದಲು ರೈತರ ಅರ್ಜಿ, ಪಹಣಿಗಳೆಲ್ಲ ಶಾಖೆಗಳಿಂದ ನನ್ನ ಮೇಜಿಗೆ ಬರಬೇಕು. ಅವನ್ನು ನೋಡಿ ಯಾರಿಗೆಷ್ಟು ಮೂಟೆ ಎಂದು ನಾನು ಪಟ್ಟಿ ಮಾಡಬೇಕು. ಕಾಗದಗಳು ಬರುತ್ತಿದ್ದುದು ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆ, ಗೋಣಿಚೀಲದಲ್ಲಿ. ಒಂದು ವರ್ಷ ಅರಕಲಗೂಡಿನ ಚೀಲ ಹಾಸನದಲ್ಲಿ ಇಳಿಯದೆ ಬೇಲೂರಿಗೆ ಹೋಗಿ, ದೇವರ ದರ್ಶನ ಮಾಡಿಕೊಂಡು ಬಂದಂತೆ ಮೂರು ದಿನ ಬಿಟ್ಟು ವಾಪಸ್ಸಾಯಿತು. ಬಿತ್ತನೆ ಹಂಗಾಮಿನಲ್ಲಿ ಮೂರು ದಿನ ಎಂದರೆ ಸಣ್ಣದಲ್ಲ.

ಶೋಭಿತಾಳನ್ನು ನಾನು ಮೊದಲು ಕಂಡದ್ದು ತೊಂಬತ್ತಾರರಲ್ಲಿ, ತಮ್ಮಯ್ಯನ ಜೆರಾಕ್ಸ್ ಅಂಗಡಿಯಲ್ಲಿ. ಆಗಷ್ಟೇ ಪಿಯುಸಿ ಮುಗಿಸಿ ಕೌಂಟರಿಗೆ ಸೇರಿದ್ದಳು. ಅವಳ ಅಪ್ಪ ಗಂಗಯ್ಯ ಟೆಲಿಫೋನ್ ಕೇಬಲ್ಲಿಗೆ ಗುಂಡಿ ತೋಡುವ ಕೂಲಿ ಕೆಲಸ ಮಾಡುತ್ತಿದ್ದ. ಅವ್ವ ಮಲ್ಲಿಗಮ್ಮ ಊರಲ್ಲಿ ನಾಟಿ, ಕಳೆ ಎಂದು ಹೋಗುತ್ತಿದ್ದಳು. ಮೊದಲ ದಿನವೇ ನಾನು, ಯಾವ ಕಡೆಯವರಮ್ಮ ಎಂದು ಕೇಳಿದೆ. ನಮ್ಮ ಕಡೆ ಆ ಪ್ರಶ್ನೆ ದಾರಿ ಕೇಳುವುದಕ್ಕಲ್ಲ ಎಂದು ಕೇಳುವವನಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಅವಳು ಕಾಗದ ಜೋಡಿಸುತ್ತಲೇ, ಬೂವನಹಳ್ಳಿ ಸಾ, ಮನೇಲಿ ಬುದ್ಧನ ಪಟ ಐತೆ, ಎಷ್ಟು ಕಾಪಿ ಬೇಕು ಎಂದಳು. ಮೂರು ಎಂದೆ.

ಆ ಕಾಲಕ್ಕೆ ಮಿಶಿನ್ ಕೆಟ್ಟರೆ ಮೈಸೂರಿನಿಂದ ಮೆಕ್ಯಾನಿಕ್ಕು ಬರಬೇಕಿತ್ತು. ಅವನು ಬರುವುದು ಮೂರು ದಿನಕ್ಕೆ, ಬಂದರೆ ಇರುವುದು ಅರ್ಧ ಗಂಟೆ. ಬಿಚ್ಚುವಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ, ಕೆಲಸ ಯಾರೂ ಕಲಿಯಬಾರದು ಎಂದು. ಅವನು ಹೋದ ಮೇಲೆ ಶೋಭಿತಾ ನೆಲದ ಮೇಲಿನ ಪುಡಿ ಮುಟ್ಟಿ ನೋಡಿ, ಯಾವ ಸ್ಕ್ರೂವಿನ ತಲೆ ಹೊಳೆಯುತ್ತಿದೆ ಎಂದು ನೋಡಿ, ಏನು ಬಿಚ್ಚಿದ ಎಂದು ಲೆಕ್ಕ ಹಾಕುತ್ತಿದ್ದಳು. ಎರಡು ವರ್ಷದಲ್ಲಿ ಮೈಸೂರಿನವನಿಗೆ ಫೋನ್ ಮಾಡುವುದೇ ನಿಂತುಹೋಯಿತು. ತಮ್ಮಯ್ಯ ಒಂದು ಹಳೆ ಮೊಪೆಡ್ ಕೊಡಿಸಿದ. ಕಾಲಿನ ಹತ್ತಿರ ಟೂಲ್ಸ್ ಡಬ್ಬ ಇಟ್ಟುಕೊಂಡು ನಾಲ್ಕು ಊರು ಸುತ್ತುವ ಹೆಣ್ಣುಮಗಳನ್ನು ಜನ ಮೊದಲು ನಿಂತು ನೋಡಿದರು, ಆಮೇಲೆ ಕೈ ಅಡ್ಡ ಹಾಕಿ ನಿಲ್ಲಿಸಿ ನಮ್ಮ ಮಿಶಿನ್ನೂ ಸ್ವಲ್ಪ ನೋಡಮ್ಮ ಎಂದರು.

ನಮ್ಮ ಕಚೇರಿಯಲ್ಲೂ ಒಂದು ಹಳೆ ಮಿಶಿನ್ ಇತ್ತು, ಅದಕ್ಕೆ ದುರಸ್ತಿ ಪುಸ್ತಕ ಅಂತ ಒಂದಿತ್ತು. ತಾರೀಖು, ದೂರು, ಮಾಡಿದ ಕೆಲಸ, ಕೊನೆಗೆ ‘ಬಂದ ಇಂಜಿನಿಯರ್ ಹೆಸರು’. ಮೈಸೂರಿನವನು ಬಂದಾಗಲೆಲ್ಲ ಆ ಕಾಲಮ್ಮಿನಲ್ಲಿ ಅವನ ಹೆಸರನ್ನು ‘ಶ್ರೀ’ ಸೇರಿಸಿ ಬರೆದವನು ನಾನೇ. ಅವನು ಓದಿದ್ದು ಎಸ್ಎಸ್ಎಲ್‌ಸಿ. ಶೋಭಿತಾ ಬರಲು ಶುರುವಾದ ಮೇಲೆ ಅದೇ ಕಾಲಮ್ಮಿನಲ್ಲಿ ‘ಜೆರಾಕ್ಸ್ ಅಂಗಡಿ ಹುಡುಗಿ’ ಎಂದು ಬರೆದೆ. ಒಂದು ಸಲ ಅವಳು, ಸಾ, ನಂಗೂ ಹೆಸರೈತೆ ಎಂದಳು. ಇಂಜಿನಿಯರ್ ಆದಾಗ ಬರೆಯೋಣಮ್ಮ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಸಂಘಕ್ಕೆ ಹೊಸ ಅಧ್ಯಕ್ಷರಾಗಿ ದ್ಯಾವಯ್ಯ ಬಂದರು. ಅವರ ತಮ್ಮನ ಮನೆ ಕಾಗದವೂ ಬೇಲೂರು ನೋಡಿ ಬಂದ ಚೀಲದಲ್ಲಿತ್ತು, ಹಾಗಾಗಿ ಬಸ್ಸಿನ ಮೇಲೆ ಸಿಟ್ಟು. ನಾಲ್ಕೂ ಕಚೇರಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿದರು, ತಮ್ಮಯ್ಯನ ಹತ್ತಿರ ನಾಲ್ಕು ಹೊಸ ಮಿಶಿನ್ ತರಿಸಿದರು. ಜೆರಾಕ್ಸು, ಪ್ರಿಂಟು, ಫ್ಯಾಕ್ಸು ಎಲ್ಲ ಒಂದರಲ್ಲೇ. ಇವೆಲ್ಲಕ್ಕಿಂತ ಹೆಚ್ಚಾಗಿ, ಗಾಜಿನ ಮೇಲೆ ಕಾಗದ ಇಟ್ಟು ಒಂದು ಗುಂಡಿ ಒತ್ತಿದರೆ ಅದರ ಚಿತ್ರ ಇಮೇಲಿನಲ್ಲಿ ನನ್ನ ಕಂಪ್ಯೂಟರಿಗೆ ಬಂದು ಕೂರಬೇಕು. ಅದನ್ನು ಹೊಂದಿಸುವವರು ಯಾರು ಎಂದು ಸಭೆಯಲ್ಲಿ ಪ್ರಶ್ನೆ ಬಂತು. ಬೆಂಗಳೂರಿನ ಒಂದು ಕಂಪನಿಯವರನ್ನು ಕರೆಸೋಣ ಎಂದೆ ನಾನು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರಿಗೇ ಹೇಳಿದ ಗಾದೆ. ಮಿಶಿನ್ ಕೊಟ್ಟವನೆಂದು ಸಭೆಗೆ ಬಂದಿದ್ದ ತಮ್ಮಯ್ಯ ಎದ್ದು ನಿಂತು, ನಮ್ಮ ಶೋಭಿತಾ ಮಾಡ್ತಾಳೆ ಎಂದ. ದ್ಯಾವಯ್ಯನವರು ಒಂದು ಗಡುವು ಹಾಕಿದರು. ಮೇ ಮೂರನೇ ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಮೂರೂ ಶಾಖೆಯ ಕಾಗದ ಮಿಶಿನ್ನಿನಲ್ಲೇ ಬರಬೇಕು. ಬಂದರೆ ನಾಲ್ಕೂ ಕಚೇರಿಯ ಮಿಶಿನ್ನುಗಳ ಮೇಲುಸ್ತುವಾರಿ ಶೋಭಿತಾಗೆ. ಬರದಿದ್ದರೆ ಮಿಶಿನ್ನು ವಾಪಸ್ಸು, ಬೆಂಗಳೂರಿನವರು ಒಳಗೆ.

ಹೊರಗೆ ಬಂದಾಗ, ಅಲ್ಲೇ ಕಾಯುತ್ತಿದ್ದ ಅವಳಿಗೆ ತಮ್ಮಯ್ಯ ಹೇಳಿದ್ದು ನನ್ನ ಕಿವಿಗೆ ಬಿತ್ತು. ಈ ಕೆಲಸ ಕೈತಪ್ಪಿದರೆ ಬೇರೆ ಕಚೇರಿಯವರೂ ಹೋಗುತ್ತಾರೆ, ಆಗ ಮೊಪೆಡ್ ಮಾರಿ ನೀನು ಮತ್ತೆ ಕೌಂಟರಿನಲ್ಲಿ ನಿಲ್ಲಬೇಕಾಗುತ್ತದೆ ಎಂದ. ಹನ್ನೆರಡು ವರ್ಷದ ಕಲಿಕೆ ಒಂದು ಶನಿವಾರದ ಮೇಲೆ ನಿಂತಿತು.

ಹೊಳೆನರಸೀಪುರದಲ್ಲಿ ಒಂದೇ ಬೆಳಿಗ್ಗೆಯಲ್ಲಿ ಕೆಲಸ ಮುಗಿಯಿತು. ಚನ್ನರಾಯಪಟ್ಟಣದಲ್ಲಿ ಪಾಸ್‌ವರ್ಡು ತಪ್ಪಾಗಿ ಸಂಜೆಯವರೆಗೆ ಹಿಡಿಯಿತು. ಆ ಮಿಶಿನ್ನಿಗೆ ಕಂಪ್ಯೂಟರಿನಂತೆ ಅಕ್ಷರದ ಗುಂಡಿಗಳಿಲ್ಲ. ಫೋನಿನಂತೆ ಎರಡನ್ನು ಮೂರು ಸಲ ಒತ್ತಿದರೆ ಒಂದು ‘ಸಿ’. ಹಾಗೆ ಒತ್ತಿ ಒತ್ತಿ ವಿಳಾಸ ಬರೆಯಬೇಕು. ಅವಳ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ಕಿತ್ತು. ಮಿಶಿನ್ ಹೊಂದಿಸುವ ಹನ್ನೆರಡು ಹೆಜ್ಜೆಗಳನ್ನು ಅದರಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದಳು. ಒಂದು, ತಾರೀಖು, ಟೈಮು. ಎರಡು, ಮಿಶಿನ್ನಿನ ನಂಬರು. ಹೀಗೆ ಹನ್ನೆರಡನೆಯದು ನನ್ನ ಇಮೇಲು. ಎಲ್ಲ ಮುಗಿದ ಮೇಲೆ ಒಂದು ಕಾಗದ ಇಟ್ಟು ಗುಂಡಿ ಒತ್ತಿ ನನಗೆ ಫೋನ್ ಮಾಡುತ್ತಿದ್ದಳು.

“ಬಂತಾ ಸಾ?”

ಎರಡು ಊರಿನಿಂದಲೂ ಬಂತು. ಪರದೆಯ ಮೇಲೆ ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಬಂದು ಕೂತಿತು. ಬಂತಮ್ಮ ಎಂದು ಒಪ್ಪಿಕೊಳ್ಳಬೇಕಾಯಿತು. ಅರಕಲಗೂಡಿನಿಂದಲೂ ಬಂತು, ಸೋಮವಾರ. ಮಂಗಳವಾರ ಅಲ್ಲಿಯ ಗುಮಾಸ್ತೆ ಪ್ರೇಮಕುಮಾರಿ ನಲವತ್ತು ಅರ್ಜಿ ಸ್ಕ್ಯಾನ್ ಮಾಡಿ ಕಳಿಸಿದೆ ಎಂದರು. ನನಗೆ ಒಂದೂ ಬರಲಿಲ್ಲ.

ಶೋಭಿತಾ ಬುಧವಾರ ಬೆಳಿಗ್ಗೆ ಅಲ್ಲಿಗೆ ಹೋದಳು. ಒಂದು ಕಾಗದ ಕಳಿಸಿ, ಬಂತಾ ಸಾ ಎಂದಳು. ಬಂದಿಲ್ಲ ಎಂದೆ. ನೋಟ್‌ಬುಕ್ ತೆಗೆದು ಎಲ್ಲ ಅಳಿಸಿ ಒಂದರಿಂದ ಹನ್ನೆರಡರವರೆಗೆ ಮತ್ತೆ ಒತ್ತಿದಳು. ಬಂತಾ ಸಾ? ಬಂತು! ಪ್ರೇಮಕುಮಾರಿಗೆ ಇನ್ನು ಕಳಿಸಿ ಎಂದು ಹೇಳಿ ಅವಳು ಹೊರಟಳು. ಅಂದು ಕಳಿಸಿದ್ದು ಬಂತು, ಗುರುವಾರ ಮತ್ತೆ ಒಂದೂ ಇಲ್ಲ. ಅವಳು ಎದುರಿಗಿದ್ದರೆ ಮಿಶಿನ್ನು ಕೆಲಸ ಮಾಡುತ್ತದೆ, ಬೆನ್ನು ಹಾಕಿದರೆ ಮುನಿಸಿಕೊಳ್ಳುತ್ತದೆ. ನಾನು ಈ ಮಾತನ್ನು ಕಚೇರಿ ತುಂಬ ಹೇಳಿಕೊಂಡು ನಕ್ಕೆ. ನನ್ನ ಮಾತು ನಿಜವಾಗುತ್ತಿದೆ ಎಂಬ ಸಂತೋಷ ಇತ್ತು, ಸುಳ್ಳೇಕೆ ಹೇಳಲಿ. ಎರಡು ದಿನದ ಹಿಂದೆ ಬೆಂಗಳೂರಿನ ಕಂಪನಿಯ ನಂಬರನ್ನೂ ಹುಡುಕಿ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೆ.

ಗುರುವಾರ ಮಧ್ಯಾಹ್ನ ಅವಳು ನನ್ನ ಮೇಜಿನ ಹತ್ತಿರ ಬಂದು, ಸಾ, ನಿಮ್ಮ ಕಂಪ್ಯೂಟರು ಐದು ನಿಮಿಷ ನಾನೊಂದು ಸಲ ನೋಡಲಾ ಎಂದು ಕೇಳಿದಳು. ನನ್ನ ಕಂಪ್ಯೂಟರನ್ನು ನಾನಲ್ಲದೆ ಯಾರೂ ಮುಟ್ಟುವ ಹಾಗಿರಲಿಲ್ಲ. ತೊಂದರೆ ಇರುವುದು ಅರಕಲಗೂಡಿನಲ್ಲಿ, ಹಾಸನದಲ್ಲಲ್ಲ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದೆ. ಅವಳು ಹೆಲ್ಮೆಟ್ ತೆಗೆದುಕೊಂಡು ಹೋದಳು. ಆ ಗಾದೆಯನ್ನು ನುಂಗಿಕೊಳ್ಳಲು ಆಗುವಂತಿದ್ದರೆ ಈಗಲೂ ನುಂಗಿಕೊಳ್ಳುತ್ತೇನೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವಳು ಮತ್ತೆ ಅರಕಲಗೂಡಿನಲ್ಲಿದ್ದಳು. ಈ ಸಲ ಮಿಶಿನ್ನಿನ ಒಂದು ಗುಂಡಿಯನ್ನೂ ಮುಟ್ಟಲಿಲ್ಲವಂತೆ. ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂತಳಂತೆ. ಯಾರು ಏನು ಮಾಡುತ್ತಾರೆ ಎಂದು ನೋಡುತ್ತಾ ಕೂತಳು, ಹಿಂದೆ ಮೈಸೂರಿನವನ ಬೆನ್ನನ್ನು ನೋಡುತ್ತಾ ಕೂತ ಹಾಗೆ. ಇದನ್ನೆಲ್ಲ ಆಮೇಲೆ ನನಗೆ ಪ್ರೇಮಕುಮಾರಿ ಹೇಳಿದರು.

ಆ ಶಾಖೆಯಲ್ಲಿ ಲಕ್ಷ್ಮಿದೇವಮ್ಮ ಎಂಬ ಅಟೆಂಡರ್ ಇದ್ದರು. ತೊಂಬತ್ತೊಂದರಲ್ಲಿ ಅಲ್ಲಿ ವೈರು ಸುಟ್ಟು ಷೇರುದಾರರ ಪುಸ್ತಕದ ಬೀರು ಅರ್ಧ ಬೆಂದುಹೋಗಿತ್ತು. ಅಂದು ನೀರು ಹೊತ್ತು ಉಳಿದರ್ಧ ಉಳಿಸಿದವರು ಲಕ್ಷ್ಮಿದೇವಮ್ಮನೇ. ಅಂದಿನಿಂದ ಸಂಜೆ ಐದೂವರೆಗೆ ಅವರು ಮೇನ್ ಸ್ವಿಚ್ ಕೆಳಗೆ ಎಳೆದು, ಆ ಕೈಯನ್ನು ಕಣ್ಣಿಗೊತ್ತಿಕೊಂಡು, ನರಸಿಂಹಸ್ವಾಮಿಯ ಹೆಸರು ಹೇಳಿ ಬೀಗ ಹಾಕುತ್ತಿದ್ದರು. ಒಂದು ಸಂಜೆಯೂ ತಪ್ಪಿಲ್ಲ. ಬೆಳಿಗ್ಗೆ ಬಂದು ಮೇನ್ ಹಾಕುವುದು, ಗೋಡೆಯ ಕ್ಯಾಲೆಂಡರಿನ ಹಿಂದಿನ ದಿನದ ಹಾಳೆ ಹರಿಯುವುದು, ಆಮೇಲೆ ಕಸ ಗುಡಿಸುವುದು. ಉಳಿದೆರಡು ಶಾಖೆಯಲ್ಲಿ ಇಂಥ ಶಿಸ್ತಿಲ್ಲ. ಅಲ್ಲಿ ಮೇನ್ ಸ್ವಿಚ್ ಎಲ್ಲಿದೆ ಎಂದೇ ಯಾರಿಗೂ ನೆನಪಿರಲಿಲ್ಲ.

ಆ ಸಂಜೆ ಶೋಭಿತಾ ಅವರ ಕೈ ಕೆಳಗೆ ಹೋಗುವುದನ್ನು, ಮಿಶಿನ್ನಿನ ಹಸಿರು ದೀಪ ಆರುವುದನ್ನು ನೋಡಿದಳು. ಲಕ್ಷ್ಮಿದೇವಮ್ಮನ ಮನೆಯಲ್ಲೇ ಉಳಿದು ಬೆಳಿಗ್ಗೆ ಅವರ ಜೊತೆಯಲ್ಲೇ ಬಂದಳು. ಗಡುವಿನ ಶನಿವಾರ. ಮೇನ್ ಹಾಕಿದರು. ಮಿಶಿನ್ನು ಗುರುಗುಟ್ಟಿ ಎದ್ದಿತು. ಅದರ ಅಂಗೈಯಗಲದ ಪರದೆಯಲ್ಲಿ ತಾರೀಖು ಮೂಡಿತು: ಒಂದನೇ ಜನವರಿ, ಎರಡು ಸಾವಿರ. ಅದೇ ಹೊತ್ತಿಗೆ ಹಿಂದೆ ಲಕ್ಷ್ಮಿದೇವಮ್ಮ ಗೋಡೆಯಿಂದ ಶುಕ್ರವಾರವನ್ನು ಹರಿದರು. ರಾತ್ರಿಯಿಡೀ ಕರೆಂಟಿಲ್ಲದೆ ಬಿದ್ದಿದ್ದ ಮಿಶಿನ್ನು ದಿನ ಮರೆತು ತಾನು ಹುಟ್ಟಿದ ದಿನಕ್ಕೆ ಹೋಗಿ ನಿಲ್ಲುತ್ತಿತ್ತು. ಅವಳು ಬಂದಾಗಲೆಲ್ಲ ಮೊದಲ ಹೆಜ್ಜೆಗೇ ತಾರೀಖು ಹಾಕುತ್ತಿದ್ದಳು. ಅದಕ್ಕೇ ಅವಳಿದ್ದಾಗ ಸರಿ, ಮರುದಿನ ತಪ್ಪು.

ಅವಳು ತಾರೀಖು ಸರಿಮಾಡಲಿಲ್ಲ. ಹಾಗೇ ಒಂದು ಕಾಗದ ಇಟ್ಟು ಗುಂಡಿ ಒತ್ತಿದಳು. ಕಳಿಸಲಾಗಿದೆ ಎಂದು ಮಿಶಿನ್ನು ಹೇಳಿತು. ಹತ್ತೂ ಕಾಲಿಗೆ ನನ್ನ ಫೋನ್ ಬಡಿದುಕೊಂಡಿತು. ಎದುರಿಗೆ ದ್ಯಾವಯ್ಯನವರು ಬೇರೆ ಕಾಫಿ ಕುಡಿಯುತ್ತಾ ಕೂತಿದ್ದರು.

“ಬಂತಾ ಸಾ?”

“ಬಂದಿಲ್ಲಮ್ಮ,” ಎಂದೆ. ದನಿಯಲ್ಲಿ ಸಕ್ಕರೆ ಸ್ವಲ್ಪ ಹೆಚ್ಚೇ ಇತ್ತು.

“ಮಿಶಿನ್ನು ಸುಳ್ಳು ಏಳಲ್ಲ ಸಾ. ಓಗೈತೆ ಅಂದ್ರೆ ಓಗೈತೆ. ನೀವು ಮೇಲ್ಗಡೆ ನೋಡ್ತಾ ಇದೀರ. ಒಂದ್ಸಲ ತಳಕ್ಕೆ ಓಗಿ.”

ಮೂವತ್ತು ವರ್ಷದ ಗುಮಾಸ್ತಿಕೆಯಲ್ಲಿ ನಾನು ಕಲಿತ ಮೊದಲ ಪಾಠ, ಹೊಸ ತಪಾಲು ಯಾವಾಗಲೂ ಮೇಲೆ. ಹಳೆಯದು ಕೆಳಗೆ. ಕೆಳಗಿನದನ್ನು ಯಾರೂ ಕೇಳದೆ ತೆಗೆಯಬಾರದು. ಇಮೇಲನ್ನೂ ಹಾಗೇ ನೋಡುತ್ತಿದ್ದೆ, ಮೊದಲ ಐದು ಸಾಲು, ಅಷ್ಟೇ. ಓದದೆ ಉಳಿದ ಕಾಗದ ಇಷ್ಟಿವೆ ಎಂದು ಪಕ್ಕದಲ್ಲಿ ಒಂದು ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದುದು ಕಂಡಿತ್ತು. ಜಾಹೀರಾತು ಎಂದು ಬಿಟ್ಟಿದ್ದೆ. ಈಗ ದ್ಯಾವಯ್ಯನವರು ನೋಡುತ್ತಿದ್ದಾರಲ್ಲ ಎಂದು ಕೊನೆಯ ಪುಟ ತೆರೆದೆ.

ಸಂಘಕ್ಕೆ ಇಮೇಲು ಬರುವುದಕ್ಕಿಂತ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ, ಎಲ್ಲಕ್ಕಿಂತ ತಳದಲ್ಲಿ, ಅರಕಲಗೂಡು ಕೂತಿತ್ತು. ಮಂಗಳವಾರದ್ದು, ಗುರುವಾರದ್ದು, ಶುಕ್ರವಾರದ್ದು. ಬುಧವಾರ ಬೆಳಿಗ್ಗೆ ‘ಬಂದಿಲ್ಲ’ ಎಂದು ನಾನು ಹೇಳಿದ್ದ ಕಾಗದವೂ ಅಲ್ಲೇ. ಒಂದೊಂದರ ಒಳಗೂ ಅರ್ಜಿ, ಪಹಣಿ, ಹೆಬ್ಬೆಟ್ಟು, ಎಲ್ಲ ಬೆಳ್ಳಗೆ ನಿಚ್ಚಳವಾಗಿ. ಎಲ್ಲದರ ಮೇಲೂ ಒಂದನೇ ಜನವರಿ, ಕಂಪ್ಯೂಟರು ಆ ತಾರೀಖು ನೋಡಿಯೇ ಸಾಲು ಹಾಕಿತ್ತು. ಒಂದು ಕಾಗದವೂ ಕಳೆದಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಕೂಸು ಇದ್ದದ್ದು ನನ್ನ ಕಂಕುಳಲ್ಲಿ, ಹುಡುಕಲು ಮೊಪೆಡ್ ಓಡಿಸಿದ್ದು ಅವಳು. ಗುರುವಾರ ಐದು ನಿಮಿಷ ಕುರ್ಚಿ ಬಿಟ್ಟುಕೊಟ್ಟಿದ್ದರೆ ಅಂದೇ ಮುಗಿಯುತ್ತಿತ್ತು.

ದ್ಯಾವಯ್ಯನವರು ಎದ್ದು ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡಿದರು. ನೋಡಿ, ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಎಲ್ಲಾ ಬಂದ್ಬುಟ್ಟೈತೆ ಕಣವ್ವ. ನಾಲ್ಕೂ ಕಚೇರಿ ಇನ್ನು ನಿಂದೇ.”

ಆ ಕಡೆ ಪ್ರೇಮಕುಮಾರಿ ಚಪ್ಪಾಳೆ ತಟ್ಟಿದ್ದು ಇಲ್ಲಿಗೇ ಕೇಳಿಸಿತು.

ಮಧ್ಯಾಹ್ನ ಒಂದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಮೂರೂ ಶಾಖೆಯ ಪಟ್ಟಿ ನನ್ನ ಮೇಜಿನ ಮೇಲಿತ್ತು. ಅಷ್ಟು ಬೇಗ ಸಂಘದ ಇತಿಹಾಸದಲ್ಲೇ ಆಗಿರಲಿಲ್ಲ. ಲಾರಿಗಳು ಬಂದ ದಿನ ಅರಕಲಗೂಡಿನ ರೈತರು ಮೊದಲ ಸಾಲಿನಲ್ಲಿ ನಿಂತು ಮೂಟೆ ಎತ್ತಿದರು.

ಇನ್ನು ಆ ಮೇನ್ ಸ್ವಿಚ್ಚು. ಬೇರೆ ಯಾರೇ ಆಗಿದ್ದರೂ, ಇನ್ನು ಮೇನ್ ಆರಿಸಬೇಡಿ ಎಂದು ಬೋರ್ಡು ಬರೆದು ಅಂಟಿಸುತ್ತಿದ್ದರು. ನಾನಂತೂ ಸುತ್ತೋಲೆಯನ್ನೇ ಹೊರಡಿಸುತ್ತಿದ್ದೆ. ಪ್ರೇಮಕುಮಾರಿ ಹಾಗೇ ಹೇಳಲು ಹೋದಾಗ ಲಕ್ಷ್ಮಿದೇವಮ್ಮ ಸೆರಗು ಬಿಗಿದು ನಿಂತರಂತೆ. ಮೇನು ಆರಿಸ್ದೆ ನಾನು ಮನೆಗೆ ಓಗೋಳೇ ಅಲ್ಲ, ಬೇಕಾದ್ರೆ ಕೆಲಸ ಬಿಡಿಸಿ ಎಂದರಂತೆ. ಶೋಭಿತಾ ಅವರ ಪಕ್ಷಕ್ಕೆ ನಿಂತಳು. ಬೀರು ಬೆಂದದ್ದನ್ನು ಕಂಡವರು ಅವರು, ಮಿಶಿನ್ನಿಗೋಸ್ಕರ ಅವರ ನಿದ್ದೆ ಕೆಡಿಸುವುದು ಬೇಡ ಎಂದಳು. ಬೆಳಿಗ್ಗೆ ಗೋಡೆಯ ಹಾಳೆ ಹರಿದ ಮೇಲೆ, ಅದೇ ತಾರೀಖನ್ನು ಮಿಶಿನ್ನಿನಲ್ಲಿ ಒತ್ತುವುದನ್ನು ಅವರಿಗೇ ಕಲಿಸಿದಳು. ಆರು ಗುಂಡಿ, ಆಮೇಲೆ ಟೈಮಿನ ನಾಲ್ಕು. ಅಂಕಿ ಬಿಟ್ಟು ಬೇರೆ ಓದಲು ಬಾರದ ಲಕ್ಷ್ಮಿದೇವಮ್ಮ ಮೂರನೇ ದಿನಕ್ಕೆ ಅದನ್ನು ಕಣ್ಣು ಮುಚ್ಚಿ ಒತ್ತುತ್ತಿದ್ದರು. ಒತ್ತಿ, ಆ ಕೈಯನ್ನೂ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವರು ರಿಟೈರ್ ಆಗುವವರೆಗೆ ಅರಕಲಗೂಡಿನಿಂದ ಹಳೆ ತಾರೀಖಿನ ಕಾಗದ ಒಂದೂ ಬರಲಿಲ್ಲ.

ಸೋಮವಾರ ಒಪ್ಪಂದಕ್ಕೆ ಸಹಿ ಮಾಡಲು ಶೋಭಿತಾ ಕಚೇರಿಗೆ ಬಂದಳು. ಜೊತೆಯಲ್ಲಿ ಗಂಗಯ್ಯ, ಮಲ್ಲಿಗಮ್ಮ ಇಬ್ಬರೂ ಬಂದಿದ್ದರು, ಒಗೆದು ಮಡಿಚಿದ ಬಟ್ಟೆಯಲ್ಲಿ. ನಮ್ಮ ಕಿಟಕಿಯಿಂದ ಒಳಬರುವ ಟೆಲಿಫೋನ್ ವೈರನ್ನು ಗಂಗಯ್ಯ ಕಣ್ಣಲ್ಲೇ ರಸ್ತೆಯವರೆಗೆ ಹಿಂಬಾಲಿಸಿ, ಈ ಲೈನಿನ ಗುಂಡಿ ನಾನೇ ತೋಡಿದ್ದು ಎಂದು ಅಟೆಂಡರಿಗೆ ಹೇಳುತ್ತಿದ್ದ. ನಾನು ದುರಸ್ತಿ ಪುಸ್ತಕ ತಂದು ಅವಳ ಮುಂದೆ ತೆರೆದಿಟ್ಟೆ.

ನಮ್ಮ ಕಚೇರಿಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪಿದ್ದರೆ ಅದು ಓದಲು ಕಾಣುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಕೆಂಪಿನಲ್ಲಿ ಸರಿಯಾದದ್ದನ್ನು ಬರೆದು, ತಪ್ಪು ಮಾಡಿದವನು ಪಕ್ಕದಲ್ಲಿ ಕಿರುಸಹಿ ಹಾಕಬೇಕು. ಭಾನುವಾರ ಬೀಗ ತೆಗೆಸಿ ಕೂತು ನಾನು ಹಾಗೇ ಮಾಡಿದ್ದೆ. ‘ಜೆರಾಕ್ಸ್ ಅಂಗಡಿ ಹುಡುಗಿ’ ಎಂಬುದರ ಮೇಲೆ ಒಂದು ಗೆರೆ, ಅದರ ಮೇಲೆ ‘ಇಂಜಿನಿಯರ್ ಜಿ. ಶೋಭಿತಾ’, ಪಕ್ಕದಲ್ಲಿ ‘ತಿ. ನಾ.’ ಒಟ್ಟು ಹದಿನಾಲ್ಕು ಕಡೆ.

ಅವಳು ಒಂದೊಂದೇ ಪುಟ ತಿರುವಿ ನೋಡಿದಳು. ಅವಸರ ಮಾಡಲಿಲ್ಲ.

“ಹದಿನಾಲ್ಕಕ್ಕೂ ಸೈನ್ ಹಾಕಿದೀರಲ್ಲ ಸಾ.”

“ತಪ್ಪೂ ಹದಿನಾಲ್ಕು ಸಲ ಆಗಿದೆಯಲ್ಲಮ್ಮ,” ಎಂದೆ.

ಅವಳು ಪುಸ್ತಕವನ್ನು ಎತ್ತಿಕೊಂಡು ಮೂಲೆಯ ಹೊಸ ಮಿಶಿನ್ನಿನ ಹತ್ತಿರ ಹೋದಳು. ಕೊನೆಯ ಪುಟವನ್ನು ಗಾಜಿನ ಮೇಲೆ ಬೋರಲು ಹಾಕಿ ಗುಂಡಿ ಒತ್ತಿದಳು. ಮುಚ್ಚಳದ ಅಂಚಿನಲ್ಲಿ ಬೆಳಕು ಆ ಕಡೆಯಿಂದ ಈ ಕಡೆಗೆ ಹೋಯಿತು. ಗಂಗಯ್ಯ, ಮಲ್ಲಿಗಮ್ಮ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಪರದೆ ನೋಡುತ್ತಿದ್ದರು. ಅವಳು ಅಲ್ಲಿಂದಲೇ ಕೇಳಿದಳು.

“ಬಂತಾ ಸಾ?”

“ಬಂತಮ್ಮ,” ಎಂದೆ. “ಮೇಲೇ ಇದೆ.”